ಬಾದಾಮಿಗೆ ಹೋಗುವ ದಾರಿಯಲ್ಲಿ ಇಳಿಯದ ನಮ್ಮವರಿಗೆ

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಹುಟ್ಟಿ ಬೆಳೆದು, ಈಗ ಬೆಂಗಳೂರು, ಪುಣೆ, ಹೈದರಾಬಾದು, ದುಬೈ, ಒಸಾಕಾ ಎಂದು ಚದುರಿಹೋಗಿರುವ ಅಣ್ಣಂದಿರೆ, ಅಕ್ಕಂದಿರೆ, ತಮ್ಮ-ತಂಗಿಯರೆ,



ದೀಪಾವಳಿಗೋ ಮಕ್ಕಳ ಸೂಟಿಗೋ ನೀವು ಊರಿಗೆ ಬರುತ್ತೀರಿ. ಬಂದ ಮರುದಿನವೇ ಬುತ್ತಿ ಕಟ್ಟಿಸಿಕೊಂಡು, ಮಕ್ಕಳಿಗೆ ಇತಿಹಾಸ ತೋರಿಸಿ ಬರುತ್ತೇವೆ ಎಂದು ಕಾರು ಹತ್ತುತ್ತೀರಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದು ದಿನಕ್ಕೆ, ಹಂಪಿ ಇನ್ನೊಂದು ದಿನಕ್ಕೆ. ಆ ಊರುಗಳ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಅದೇ ಪಾಠ ಹೇಳಿದವಳು ನಾನು. ತಕರಾರು ಇರುವುದು ನಡುವಿನ ದಾರಿಯ ಬಗ್ಗೆ. ರೋಣದ ಮನೆ ನಿಮಗೆ ಜಳಕ ಮಾಡುವ, ರೊಟ್ಟಿ ಉಣ್ಣುವ, ಮಲಗುವ ಜಾಗವಾಗಿದೆ. ನರಗುಂದ ಚಹಾಕ್ಕೆ ನಿಲ್ಲಿಸುವ ಊರು. ಗಜೇಂದ್ರಗಡ ಅತ್ತೆಗೆ ಸೀರೆ ತರುವ ಊರು. ಟಿಕೆಟ್ ಹರಿದು ಕೊಡುವ ಕಡೆ ಮಾತ್ರ ಇತಿಹಾಸ ಇರುತ್ತದೆ ಎಂದು ನಿಮ್ಮ ಮಕ್ಕಳು ತಿಳಿದಿದ್ದರೆ ಆ ಕೂಸುಗಳನ್ನು ಬಯ್ದು ಏನು ಮಾಡುವುದು?

ಹೋದ ಚಳಿಗಾಲದಲ್ಲಿ ನನ್ನ ತಂಗಿಯ ಮಗಳು ಮತ್ತು ಅಳಿಯಂದಿರು ಮಕ್ಕಳಿಬ್ಬರನ್ನು ಕರೆದುಕೊಂಡು ಒಸಾಕಾದಿಂದ ಬಂದಿದ್ದರು. ಹೊರಡುವ ಮೊದಲು ಅವರು ನಾರಾ ಎಂಬ ಹಳೆಯ ರಾಜಧಾನಿಗೆ ಒಂದು ಸಣ್ಣ ಪ್ರವಾಸ ಮಾಡಿದ್ದರಂತೆ. ಒಸಾಕಾದಿಂದ ರೈಲಿನಲ್ಲಿ ತಾಸಿನ ದಾರಿ. ರಾತ್ರಿ ಉಳಿದು ಮರುದಿನ ವಾಪಸು. ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ದೊಡ್ಡ ಹುಡುಗಿ ಇದನ್ನೆಲ್ಲ ಹೇಳಿದ ರೀತಿ ಕೇಳಿ ನನಗೆ ಖುಷಿಯೂ ಆಯಿತು, ಒಳಗೊಳಗೆ ಚುರುಕೂ ಮುಟ್ಟಿತು. 710ರಲ್ಲಿ ಅಲ್ಲಿಗೆ ರಾಜಧಾನಿ ತಂದವಳು ಗೆನ್‌ಮೇಯಿ ಎಂಬ ಸಾಮ್ರಾಜ್ಞಿ. 752ರಲ್ಲಿ ತೊದಾಯ್‌ಜಿ ದೇವಾಲಯದ ಮಹಾಬುದ್ಧನ ಕಣ್ಣು ತೆರೆಸುವ ಸಮಾರಂಭ ನಡೆದಾಗ ಸಿಂಹಾಸನದ ಮೇಲಿದ್ದವಳೂ ಹೆಂಗಸೇ, ಕೋಕೆನ್. ವಿಗ್ರಹಕ್ಕೆ ಕಣ್ಣು ಬರೆದವನು ಬೋಧಿಸೇನ, ನಮ್ಮ ದೇಶದಿಂದ ಸಮುದ್ರ ದಾಟಿ ಹೋದ ಭಿಕ್ಷು. ಹನ್ನೊಂದು ವರ್ಷದ ಹುಡುಗಿ ಇಸವಿಗಳ ಸಮೇತ ಇದನ್ನು ಒಪ್ಪಿಸುತ್ತಾಳೆ! ಆಮೇಲೆ ಕೇಳಿದಳು: “ಅಜ್ಜಿ, ನಮ್ಮ ಕಡೆ ಯಾರರೆ ರಾಣಿ ಆಳ್ಯಾರೇನು?” ಅವಳವ್ವ ತಟ್ಟನೆ “ಕಿತ್ತೂರು ಚೆನ್ನಮ್ಮ” ಅಂದಳು. “ಅಕಿ ಗೊತ್ತು. ಇಲ್ಲೆ, ನಿಮ್ಮೂರ ಹತ್ರ?” ಅವ್ವನ ಬಳಿ ಉತ್ತರ ಇರಲಿಲ್ಲ. ಆಕೆ ಹೈಸ್ಕೂಲಿನ ತನಕ ಓದಿದ್ದು ರೋಣದಲ್ಲೇ.

ಬಾದಾಮಿಯ ಕಾರ್ಯಕ್ರಮ ಅಲ್ಲಿಗೆ ರದ್ದಾಯಿತು. ಶನಿವಾರ-ಭಾನುವಾರ ಎರಡೂ ದಿನ ಮೂರು ತಾಲ್ಲೂಕು ಬಿಟ್ಟು ಹೊರಗೆ ಕಾಲಿಡಕೂಡದು ಎಂದು ನಾನೇ ಫರ್ಮಾನು ಹೊರಡಿಸಿದೆ. ಆ ಎರಡು ದಿನ ಕಂಡದ್ದನ್ನು, ಕಂಡು ಅನಿಸಿದ್ದನ್ನು ನಿಮಗೆಲ್ಲ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೇ ಹೇಳಿದರೆ ‘ಈ ಅಕ್ಕೋರು ಮತ್ತೆ ಶುರು ಮಾಡಿದರು’ ಅನ್ನುತ್ತೀರಿ.

ಮೊದಲು ಸೂಡಿ. ಹೊತ್ತು ಏರುವ ಮುಂಚೆ ಹೋಗಿ, ಇದು ನನ್ನ ಮೊದಲ ಸಲಹೆ. ಎಳೆ ಬಿಸಿಲು ಓರೆಯಾಗಿ ಬೀಳುವಾಗ ಕೆತ್ತನೆ ಎದ್ದು ಕಾಣುತ್ತದೆ, ಮಧ್ಯಾಹ್ನವಾದರೆ ಎಲ್ಲ ಒಂದೇ ಬೂದಿ ಬಣ್ಣ. ಜೋಡು ಕಳಸದ ಗುಡಿ ಊರಿಗೆ ಅಂಟಿಕೊಂಡೇ ಇದೆ. ಒಂದೇ ಕಟ್ಟಡ, ಮೇಲೆ ಎರಡು ಶಿಖರ. ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1060ರ ಹೊತ್ತಿಗೆ, ನಾಗದೇವನೆಂಬ ಅಧಿಕಾರಿ ಕಟ್ಟಿಸಿದ್ದು. ಮಕ್ಕಳು ಒಳಗೆ ಓಡಿಯಾಡಿದರು, ಕಂಬಗಳನ್ನು ಮುಟ್ಟಿ ನೋಡಿದರು. ಆ ನುಣುಪು ಯಂತ್ರದ್ದಲ್ಲ ಎಂದರೆ ಸಣ್ಣ ಹುಡುಗ ನಂಬಲೇ ಇಲ್ಲ. ಅಳಿಯಂದಿರು ಅಲ್ಲೊಂದು ಮಾತು ಹೇಳಿದರು, ನನಗೆ ಅದು ಹೊಸದು. ನಾರಾದ ಮಹಾಬುದ್ಧನ ಮರದ ಮಂದಿರ 1180ರಲ್ಲಿ ಒಮ್ಮೆ, 1567ರಲ್ಲಿ ಮತ್ತೊಮ್ಮೆ ಯುದ್ಧದ ಬೆಂಕಿಗೆ ಆಹುತಿಯಾಯಿತಂತೆ. ಈಗ ಲಕ್ಷಗಟ್ಟಲೆ ಜನ ನೋಡುವುದು 1709ರಲ್ಲಿ ಮುಗಿದ ಮರುನಿರ್ಮಾಣವನ್ನು, ಅದೂ ಮೊದಲಿನದಕ್ಕಿಂತ ಕಿರಿದಾದದ್ದನ್ನು. ಸೂಡಿಯ ಕಲ್ಲಾದರೋ ನಾಗದೇವ ನಿಲ್ಲಿಸಿದ ಕಲ್ಲೇ. ನಾರಾದವರು ಮೂರು ಸಲ ಕಟ್ಟಿ ಉಳಿಸಿಕೊಂಡದ್ದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಸುಟ್ಟುಹೋದದ್ದನ್ನು ಮತ್ತೆ ಕಟ್ಟುವ ಛಲವೇ ದೊಡ್ಡದು. ಆದರೆ ಸುಡದೆ ಉಳಿದದ್ದು ಮನೆ ಪಕ್ಕದಲ್ಲಿ ನಿಂತಿದ್ದರೂ ನಾವು ಹಾರ್ನ್ ಹೊಡೆದು ಮುಂದೆ ಹೋಗುತ್ತೇವಲ್ಲ, ಅದಕ್ಕೆ ಏನೆನ್ನಬೇಕು?

ಹುಡುಗಿಯ ಪ್ರಶ್ನೆಗೆ ಉತ್ತರ ಸೂಡಿಯಲ್ಲೇ ಇತ್ತು. ಅಕ್ಕಾದೇವಿ. ಕಲ್ಯಾಣದ ಚಾಲುಕ್ಯರ ಮನೆಮಗಳು, ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಒಡಹುಟ್ಟಿದವಳು. 1010ರ ಸೂಡಿಯ ಶಾಸನದಲ್ಲಿ ಆಗಲೇ ಆಕೆ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಾಳೆ. ಅಂದರೆ ಪಟ್ಟದಕಲ್ಲಿನಿಂದ ಸೂಡಿಯವರೆಗಿನ ಸೀಮೆ. ಒಡಹುಟ್ಟಿದವರ ಕಾಲ ಮುಗಿದು ಸೋದರಳಿಯ ಸೋಮೇಶ್ವರ ಪಟ್ಟಕ್ಕೆ ಬಂದ ಮೇಲೂ ಅಧಿಕಾರ ಆಕೆಯ ಕೈಯಲ್ಲೇ ಇತ್ತು. ನಾಡಿನ ಆಡಳಿತ ಕೊಟ್ಟು ಮೂಲೆಯಲ್ಲಿ ಕೂರಿಸಿದ ರಾಣಿಯಲ್ಲ ಇವಳು. 1047ರಲ್ಲಿ ಗೋಕಾಗೆಯ ಕೋಟೆಗೆ, ಅಂದರೆ ಇಂದಿನ ಗೋಕಾಕಿಗೆ, ಮುತ್ತಿಗೆ ಹಾಕಿದ್ದಳು. ಶಾಸನಗಳು ‘ಗುಣದ ಬೆಡಂಗಿ’ ಎನ್ನುತ್ತವೆ, ರಣದಲ್ಲಿ ಭೈರವಿ ಎಂದೂ ಹೊಗಳುತ್ತವೆ. ಇಷ್ಟು ಹೇಳಿದ ಮೇಲೆ ಹುಡುಗಿ, “ಆಕೀದು ಫೋಟೋ ಇಲ್ಲೇನು?” ಅಂದಳು. ಮೂರ್ತಿ ಇಲ್ಲ, ಚಿತ್ರ ಇಲ್ಲ, ಇರುವುದು ಕಲ್ಲಿನ ಮೇಲಿನ ಹೆಸರು. ಅಷ್ಟಕ್ಕೇ ಆಕೆ ಬಿಡಲಿಲ್ಲ. ತನ್ನ ಡೈರಿಯಲ್ಲಿ ಗೆನ್‌ಮೇಯಿ, ಕೋಕೆನ್ ಹೆಸರುಗಳ ಕೆಳಗೆ ಅಕ್ಕಾದೇವಿಯನ್ನು ಬರೆದುಕೊಂಡು, ‘1010’ ಎಂದು ಪಕ್ಕದಲ್ಲಿ ಹಾಕಿದಳು.

ಹುಡುಗನಿಗೆ ರಾಣಿಯರ ಗೊಡವೆ ಬೇಕಿರಲಿಲ್ಲ. ಚಾಲುಕ್ಯರ ಕಾಲದಲ್ಲಿ ಸೂಡಿಯಲ್ಲಿ ಟಂಕಸಾಲೆ ಇತ್ತು, ನಾಣ್ಯ ಅಚ್ಚು ಹಾಕುತ್ತಿದ್ದರು ಎಂದ ತಕ್ಷಣ ಅವನ ಕಿವಿ ನಿಮಿರಿದವು. ಆಮೇಲೆ ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆದ. ನಾಗಕುಂಡದ ಹತ್ತಿರ ಮಾತ್ರ ತಲೆ ಎತ್ತಿದ. ಆ ಬಾವಿಯನ್ನು ನೀವು ನೋಡಿಲ್ಲವಾದರೆ ಲಕ್ಕುಂಡಿಯ ಬಾವಿಗಳನ್ನು ನೆನಪಿಗೆ ತಂದುಕೊಳ್ಳಿ: ಇಳಿಯಲು ಮೆಟ್ಟಿಲು, ಗೋಡೆಯೊಳಗೆ ಸಣ್ಣ ಸಣ್ಣ ಗುಡಿಗಳಂಥ ಗೂಡುಗಳು. ನೀರು ತುಂಬಿಕೊಳ್ಳಲು ಬರುವ ಜಾಗಕ್ಕೆ ಇಷ್ಟು ಶೃಂಗಾರ ಯಾಕೆ ಮಾಡಿದರು ಎಂದು ನನ್ನ ತಂಗಿಯ ಮಗಳು ಕೇಳಿದಳು. ಬೆಳವಲದಲ್ಲಿ ಬೇಸಿಗೆ ಕಳೆದವರು ಈ ಪ್ರಶ್ನೆ ಕೇಳಬಾರದು. ಪುಣೆಗೆ, ಒಸಾಕಾಕ್ಕೆ ಹೋದ ಮೇಲೆ ನಮ್ಮವರಿಗೂ ನೀರು ನಲ್ಲಿಯಲ್ಲಿ ಹುಟ್ಟುತ್ತದೆ ಅನಿಸತೊಡಗುತ್ತದೋ ಏನೋ.

ಸೂಡಿಯಿಂದ ಗಜೇಂದ್ರಗಡಕ್ಕೆ ಹೋಗುವಾಗ ಎರೆಹೊಲದ ನಡುವೆ ಚಿಗರಿ ಹಿಂಡು ಕಂಡಿತು. ಮಕ್ಕಳು ಕಿರುಚಿ ಕಾರು ನಿಲ್ಲಿಸಿದರು. ನಾರಾದಲ್ಲಿ ಜಿಂಕೆಗಳು ಬೀದಿಯಲ್ಲೇ ತಿರುಗುತ್ತವೆ, ಕಸುಗಾ ದೇಗುಲದ ದೇವರ ದೂತರು ಎಂಬ ನಂಬಿಕೆ. ಅವುಗಳಿಗೆಂದೇ ಬಿಸ್ಕೀಟು ಮಾರುತ್ತಾರೆ, ತಲೆ ಬಾಗಿಸಿ ಕೇಳಿ ಇಸಿದುಕೊಳ್ಳುತ್ತವೆ ಎಂದು ಹುಡುಗ ತಾನೇ ತಲೆ ಬಾಗಿಸಿ ತೋರಿಸಿದ. ‘ಇವಕ್ಕೂ ಬಿಸ್ಕೀಟು ಹಾಕೋಣ’ ಎಂದು ಹಟ ಹಿಡಿದ. ನಮ್ಮ ಗಾಡಿ ಓಡಿಸುತ್ತಿದ್ದ ತಮ್ಮ ನಕ್ಕ. “ಇವು ಬಿಸ್ಕೀಟು ತಿನ್ನಂಗಿಲ್ಲಪಾ, ನಮ್ಮ ಕಡ್ಲಿ ತಿಂತಾವು” ಅಂದ. ಅವನದೂ ಹೊಲ ಇದೆ. ಮೊಳಕೆ ಬಂದ ಹೆಸರು, ಚಿಗುರಿದ ಕಡಲೆ, ಎಲ್ಲಕ್ಕೂ ಬಾಯಿ ಹಾಕುತ್ತವೆ. ರಾತ್ರಿ ಕಾಯಬೇಕು, ಕೊಲ್ಲುವಂತಿಲ್ಲ, ಪರಿಹಾರಕ್ಕೆ ಅಲೆಯಬೇಕು. ದೇವರ ದೂತರಿಗೆ ಮೇವು ಕೊಡುವ ಖರ್ಚು ಅಲ್ಲಿ ಪ್ರವಾಸಿಗರದು, ಇಲ್ಲಿ ರೈತನದು. ಮಕ್ಕಳಿಗೆ ಇದು ಎಷ್ಟು ತಿಳಿಯಿತೋ ಗೊತ್ತಿಲ್ಲ. ಅಳಿಯಂದಿರು ಮಾತ್ರ ಆ ತಮ್ಮನನ್ನು ಗಜೇಂದ್ರಗಡ ಮುಟ್ಟುವ ತನಕ ಬೆಳೆವಿಮೆಯ ಬಗ್ಗೆ ಕೇಳುತ್ತಲೇ ಇದ್ದರು.

ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ. ನೀವು ದೂರದಿಂದ ನೋಡುವುದು ಅವನ್ನೇ. ಅವುಗಳ ಕೆಳಗಿನ ಕೋಟೆ ಘೋರ್ಪಡೆ ಮನೆತನದ್ದು, ಮರಾಠರ ಕಾಲದ ಗಡಿಕಾವಲು. ಹತ್ತಿ ನೋಡಿ, ಆದರೆ ಕೋಟೆಯ ಗೋಡೆಗಳಿಗಿಂತ ಅಲ್ಲಿ ಕೂತು ಹೇಳಬೇಕಾದ ಕಥೆ ದೊಡ್ಡದು. 1787ರಲ್ಲಿ ಟಿಪ್ಪು ಸುಲ್ತಾನ ಮತ್ತು ಮರಾಠರ ನಡುವಿನ ಯುದ್ಧ ನಿಂತದ್ದು ಗಜೇಂದ್ರಗಡದ ಒಪ್ಪಂದದಿಂದ. ಬಾದಾಮಿ ಮರಾಠರಿಗೆ ಹೋಯಿತು. ನರಗುಂದ, ಕಿತ್ತೂರುಗಳನ್ನು ಟಿಪ್ಪು ಬಿಟ್ಟುಕೊಡಬೇಕಾಯಿತು. ಆ ಯುದ್ಧ ಹೊತ್ತಿಕೊಂಡದ್ದು ಎಲ್ಲಿ? ನರಗುಂದದಲ್ಲೇ. ಅಲ್ಲಿನ ಸಂಸ್ಥಾನಿಕ ವೆಂಕಟರಾವ್ ಭಾವೆ ಕೊಡಬೇಕಾದ ಕಪ್ಪವನ್ನು ಟಿಪ್ಪು ಹೆಚ್ಚಿಸಿದ, ಭಾವೆ ಒಪ್ಪಲಿಲ್ಲ, 1785ರಲ್ಲಿ ಮೈಸೂರಿನ ಸೈನ್ಯ ಬಂದು ಗುಡ್ಡಕ್ಕೆ ಮುತ್ತಿಗೆ ಹಾಕಿತು. ಪೇಶ್ವೆ, ನಿಜಾಮ, ಸುಲ್ತಾನ ಎಲ್ಲರನ್ನೂ ಎಳೆದುಕೊಂಡ ಒಂದು ಯುದ್ಧ ನಮ್ಮ ಒಂದು ಊರಲ್ಲಿ ಶುರುವಾಗಿ ನಮ್ಮದೇ ಇನ್ನೊಂದು ಊರಲ್ಲಿ ಮುಗಿದಿದೆ. ಎರಡೂ ಊರುಗಳ ನಡುವೆ ದಿನಕ್ಕೆ ಎಷ್ಟೋ ಸಲ ಬಸ್ಸು ಓಡಾಡುತ್ತದೆ, ಅದರಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಈ ನಂಟು ಗೊತ್ತು? ನಾವು ಮುಕ್ತಾಯದ ಊರಿಗೆ ಮೊದಲು ಹೋಗಿದ್ದರಿಂದ ಕಥೆ ಹಿಂದುಮುಂದಾಯಿತು. ‘ಹಂಗಾರ ನಾಳೆ ಜಗಳ ಶುರುವಾದ ಊರಿಗೆ ಹೋಗೋದು’ ಎಂದು ಹುಡುಗ ಕೈ ತಟ್ಟಿದ.

ಅಲ್ಲೇ ಹತ್ತಿರದ ಕಾಲಕಾಲೇಶ್ವರದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಜವಳ ತೆಗೆಸಲು, ಹರಕೆ ತೀರಿಸಲು ಹೋಗಿ ಬಂದವರೇ ಎಲ್ಲ. ಬಂಡೆಯ ಅಂಚಿಗೆ ಕಟ್ಟಿದ ಗುಡಿ, ಏರುವ ಅಗಲ ಮೆಟ್ಟಿಲು, ಮರದ ಬೇರಿನ ಕಡೆಯಿಂದ ಜಿನುಗಿ ಹೊಂಡಕ್ಕೆ ಬೀಳುವ ಅಂತರಗಂಗೆ. ಸಂಜೆ ಹೋದರೆ ಮೆಟ್ಟಿಲ ಕಲ್ಲು ಕಾದಿರುವುದಿಲ್ಲ, ಮಕ್ಕಳು ಬರಿಗಾಲಲ್ಲಿ ಏರುತ್ತಾರೆ. ಯುಗಾದಿಯ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣ ಮತ್ತು ಹುಕ್ಕಾ ಇಟ್ಟು ಬಂದರೆ ಬೆಳಿಗ್ಗೆ ಗೋಡೆಗೆ ಸುಣ್ಣ ಬಳಿದಿರುತ್ತದೆ, ಹುಕ್ಕಾ ಸೇದಿರುತ್ತದೆ ಎಂಬ ಕಥೆಯನ್ನು ನಾನು ಹೇಳಿದೆ. ‘ಯಾರು ಸೇದಿದರು?’ ಅಂತ ಹುಡುಗ. ದೇವರೇ ಸೇದುತ್ತಾನೆ ಎಂದೆ. ಅವನ ತಾಯಿ ನನ್ನತ್ತ ಕಣ್ಣು ಬಿಟ್ಟಳು, ಧೂಮಪಾನದ ಪಾಠ ನೆನಪಾಗಿರಬೇಕು. ಇಂಥ ಕಥೆಗಳನ್ನು ಸೋಸಬೇಡಿ. ನಂಬುವುದು ಬಿಡುವುದು ಅವರು ದೊಡ್ಡವರಾದ ಮೇಲಿನ ಮಾತು.

ಮರಳುವಾಗ ನರೇಗಲ್ಲಿನಲ್ಲಿ ಇಳಿದೆವು. ಅಷ್ಟೊತ್ತಿಗೆ ಮಕ್ಕಳು ನಿದ್ದೆಗಣ್ಣಿನಲ್ಲಿದ್ದರು, ನಿಜ ಹೇಳಬೇಕೆಂದರೆ ಅಳಿಯಂದಿರೂ. ಹುಡುಗಿಯನ್ನು ಮಾತ್ರ ಎಬ್ಬಿಸಿದೆ. ಈಗ ನಾರಾಯಣ ಗುಡಿ ಎನ್ನುವ ಆ ದೊಡ್ಡ ಕಟ್ಟಡ ಮೂಲತಃ ಜೈನ ಬಸದಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 950ರಲ್ಲಿ, ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದಳು, ಜೊತೆಗೊಂದು ದಾನಶಾಲೆಯೂ ಇತ್ತು. ಅದರ ಹಿಂದಿನ ವರ್ಷವೇ ತಕ್ಕೋಲದ ಕಾಳಗದಲ್ಲಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದಿದ್ದ. ಆ ಪರಾಕ್ರಮಕ್ಕೆ ಕೃಷ್ಣ ಕೊಟ್ಟ ಉಡುಗೊರೆಯಲ್ಲಿ ನಮ್ಮ ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು ಎರಡೂ ಇದ್ದವು. ಗಂಡ ಗೆದ್ದು ತಂದ ನಾಡಿನಲ್ಲಿ ಹೆಂಡತಿ ಬಸದಿ ಕಟ್ಟಿಸಿ ಅನ್ನ ಹಾಕಿದಳು. ಹುಡುಗಿಯ ಡೈರಿಗೆ ಇನ್ನೊಂದು ಹೆಸರು ಸೇರಿತು. ಶರಣೆ ಇಟಗಿ ಭೀಮವ್ವನ ಹೆಸರನ್ನೂ ನಾನೇ ಬರೆಸಿದೆ. ಸಿಂಹಾಸನ ಇಲ್ಲದೆಯೂ ಈ ಸೀಮೆಯ ಮನೆಮನೆಯನ್ನು ಆಳಿದವಳು ಅವಳೊಬ್ಬಳೇ. ಇಲ್ಲೊಂದು ಎಚ್ಚರಿಕೆ: ಇಟಗಿಗಳು ಎರಡಿವೆ. ಭೀಮಾಂಬಿಕೆಯ ಇಟಗಿ ನಮ್ಮದು. 1112ರ ಮಹಾದೇವ ದೇವಾಲಯದ ಇಟಗಿ, ‘ದೇವಾಲಯ ಚಕ್ರವರ್ತಿ’ ಎಂಬ ಬಿರುದಿನದು, ಕೊಪ್ಪಳ ಜಿಲ್ಲೆಯದು. ಮೊಬೈಲ್ ಹೇಳಿದ ದಾರಿ ನಂಬಿ ಒಂದಕ್ಕೆ ಹೊರಟು ಇನ್ನೊಂದಕ್ಕೆ ಮುಟ್ಟಿದವರನ್ನು ನಾನು ಬಲ್ಲೆ. ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ, ನಾಲಗೆ ಸವೆಯುವುದಿಲ್ಲ.

ರಾತ್ರಿ ರೋಣದಲ್ಲೇ. ನಮ್ಮೂರಿನ ಬಗ್ಗೆ ನಾನೇ ಹೊಗಳಿ ಬರೆದರೆ ಚಂದವಲ್ಲ. ಅನಂತಶಯನ ಗುಡಿಯಿಂದ ಪಾರ್ಶ್ವನಾಥ ಬಸದಿಯವರೆಗೆ ಕಲ್ಲಿನ ಗುಡಿಗಳು ಹಲವಿವೆ, ಎಲ್ಲವನ್ನೂ ತೋರಿಸಿ ಮಕ್ಕಳನ್ನು ದಣಿಸಬೇಡಿ, ಒಂದು ಸಾಕು. ಉಂಡ ಮೇಲೆ ಭೀಮಸೇನ ಜೋಶಿಯವರ ಹಾಡು ಹಾಕಿ. 1922ರಲ್ಲಿ ಅವರು ಹುಟ್ಟಿದ್ದು ಈ ಊರಲ್ಲಿ ಎಂದರೆ ನಿಮ್ಮ ಪುಣೆಯ ನೆರೆಹೊರೆಯವರೂ ಒಪ್ಪುವುದಿಲ್ಲ, ಅವರನ್ನೂ ಒಪ್ಪಿಸಿ.

ಭಾನುವಾರ ನರಗುಂದ. ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡ, ಕೆಳಗೆ ಊರು. ಬೆಳಕು ಹರಿಯುತ್ತಲೇ ಹತ್ತತೊಡಗಿದರೆ ಬಿಸಿಲು ಏರುವಷ್ಟರಲ್ಲಿ ಇಳಿಯಬಹುದು. ಮೇಲೆ ದೊಡ್ಡ ಅರಮನೆ ಇದ್ದೀತೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. 1858ರ ನಂತರ ಬ್ರಿಟಿಷರು ಕೋಟೆಯನ್ನು ಕೆಡವಿಹಾಕಿದ್ದಾರೆ. ಮುರಿದ ಗೋಡೆಗಳೇ ಇಲ್ಲಿ ಸಾಕ್ಷಿ. ಯಾಕೆ ಕೆಡವಿದರು ಎಂಬ ಪ್ರಶ್ನೆಯಿಂದಲೇ ಶುರು ಮಾಡಿದೆ.

ಭಾಸ್ಕರರಾವ್ ಭಾವೆ, ನಮ್ಮ ಬಾಬಾಸಾಹೇಬ, ಮಕ್ಕಳಿಲ್ಲದ ಸಂಸ್ಥಾನಿಕ. ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ. ಆಮೇಲೆ ಆಯುಧಗಳನ್ನೂ ಒಪ್ಪಿಸು ಎಂದಿತು. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರ ಕಟ್ಟಿದ್ದ ಓದುಗ ಆತ ಎಂಬುದನ್ನು ಲಾವಣಿ ಹಾಡುವವರು ಮರೆತರೂ ನೀವು ಮರೆಯಬೇಡಿ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ಜನ ಕೊಂದರು. ರುಂಡವನ್ನು ನರಗುಂದದ ಕೆಂಪಗಸಿಗೆ ತಂದು ತೂಗುಹಾಕಿದರು. ನಾಲ್ಕೈದು ದಿನಗಳಲ್ಲಿ ಇಂಗ್ಲಿಷರ ಸೈನ್ಯ ಬಂದು ಊರು ಗೆದ್ದಿತು. ಬಾಬಾಸಾಹೇಬ ಸಿಕ್ಕಿಬಿದ್ದ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲು. ತಾಯಿ ಮತ್ತು ಹೆಂಡತಿ ಮಲಪ್ರಭೆಯ ಪಾಲಾದರು. ಮೇ 29ರಿಂದ ಜೂನ್ 12, ಲೆಕ್ಕ ಹಾಕಿ ನೋಡಿ, ಅರ್ಧ ತಿಂಗಳಲ್ಲಿ ಒಂದು ಸಂಸ್ಥಾನ ಮುಗಿದುಹೋಯಿತು. ಇದೇ ದಿನಗಳಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತ. ಆಗ ಇದು ಒಂದೂರಿನ ಜಗಳವಾಗಿ ಉಳಿದಿರಲಿಲ್ಲ.

ಕೆಂಪಗಸಿಯ ಎದುರು ನಿಂತಾಗ ತಂಗಿಯ ಮಗಳು ನನ್ನ ಕೈ ಜಗ್ಗಿದಳು. “ದೊಡ್ಡವ್ವ, ಸಣ್ಣ ಹುಡುಗ್ರ ಮುಂದ ರುಂಡದ ಮಾತು ಬ್ಯಾಡ.” ನಿಮ್ಮಲ್ಲೂ ಹಲವರು ಹಾಗೇ ಅನ್ನುವವರಿದ್ದೀರಿ. ನನಗೆ ಅದು ಒಪ್ಪಿತವಲ್ಲ. ಮಕ್ಕಳು ಆಟದ ಪರದೆಯಲ್ಲಿ ದಿನಕ್ಕೆ ಎಷ್ಟೋ ತಲೆ ಹಾರಿಸುತ್ತಾರೆ. ಇಲ್ಲಿ ಕೊಂದವನಿಗೂ ಸತ್ತವನಿಗೂ ಹೆಸರಿತ್ತು, ಮನೆಯಿತ್ತು, ಎರಡೂ ಕಡೆ ಅತ್ತವರಿದ್ದರು ಎಂದು ಹೇಳಿಕೊಟ್ಟರೆ ಅವರು ಕೆಡುವುದಿಲ್ಲ. ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಮ್ಯಾನ್ಸನ್‌ಗೆ ಮಕ್ಕಳಿದ್ದರೇ ಎಂದು ಕೇಳಿದ. ನಾನು ಮೂವತ್ತು ವರ್ಷ ಪಾಠ ಮಾಡಿದಾಗ ಒಬ್ಬರೂ ಕೇಳದ ಪ್ರಶ್ನೆ ಅದು.

ನರಗುಂದದ ಇತಿಹಾಸ ಅಲ್ಲಿಗೆ ಮುಗಿದಿದ್ದರೆ ಅದೂ ಉಳಿದ ಕೋಟೆಯೂರುಗಳ ಸಾಲಿಗೆ ಸೇರಿಬಿಡುತ್ತಿತ್ತು. ಮುಗಿದಿಲ್ಲ. 1980ರ ಜುಲೈ 21 ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟದಿದ್ದರೂ ನೀರಿನ ಕರ, ಅಭಿವೃದ್ಧಿ ಕರ ಎರಡನ್ನೂ ಕಟ್ಟಿ ಎಂದಾಗ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಲಿಯಾದರು. ಆ ಕಿಚ್ಚಿನಿಂದಲೇ ರಾಜ್ಯದ ರೈತ ಚಳವಳಿಗೆ ಹೊಸ ಜೀವ ಬಂತು, ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದೂ ಅದೇ ವರ್ಷ. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಶುರುವಾದ ಧರಣಿ ವರ್ಷಗಟ್ಟಲೆ ನಡೆದದ್ದೂ ಇದೇ ಊರಲ್ಲಿ. 1785ರಲ್ಲಿ ಕಪ್ಪ, 1858ರಲ್ಲಿ ದತ್ತು ಮತ್ತು ಆಯುಧ, 1980ರಲ್ಲಿ ಕರ, 2015ರಲ್ಲಿ ನೀರು. ಈ ಊರು ‘ಆಗಲ್ಲ’ ಎಂದ ಸಂದರ್ಭಗಳಿವು. ಹುತಾತ್ಮ ರೈತರ ಸ್ಮಾರಕದ ಮುಂದೆ ಈ ನಾಲ್ಕು ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಹೇಳಿಸಿದೆ. ಹಳೆಯ ಮೇಷ್ಟ್ರಿಕೆಯ ಚಟ, ಸಹಿಸಿಕೊಳ್ಳಿ. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ, ಗಿರಮಿಟ್ಟು ಕೊಡಿಸಿ ರಾಜಿಯಾದೆ.

ಈಗ ನಿಮಗೆ ಕೆಲವು ಮಾತು. ಮೇ ತಿಂಗಳಲ್ಲಿ ಈ ಪ್ರವಾಸ ಬೇಡ, ಎರೆಭೂಮಿಯ ಬಿಸಿಲು ಮಕ್ಕಳಿಗೆ ತಡೆಯದು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಹೊಲದಲ್ಲಿ ಕಡಲೆ, ಜೋಳ ನಿಂತಿರುತ್ತವೆ, ಸೀತನಿ ತಿನ್ನುವ ಯೋಗವೂ ಸಿಕ್ಕೀತು. ಮಳೆಯಾದ ಮರುದಿನ ಒಳದಾರಿ ಹಿಡಿಯಬೇಡಿ, ಎರೆ ಕೆಸರಿನಲ್ಲಿ ನಿಮ್ಮ ದೊಡ್ಡ ಕಾರಿಗಿಂತ ಎತ್ತಿನ ಗಾಡಿ ವಾಸಿ. ಕುಡಿಯುವ ನೀರು ಜೊತೆಗಿರಲಿ. ಹೆಂಗಸರು ಊರಿನ ಯಾವುದಾದರೂ ಮನೆಯ ಬಾಗಿಲು ತಟ್ಟಲು ನಾಚಬೇಡಿ, ಗುಡಿಗಳ ಹತ್ತಿರ ಬೇಕಾದ ಸೌಕರ್ಯ ಸಿಕ್ಕೇ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಗುಡಿಗೆ ಕೀಲಿ ಹಾಕಿದ್ದರೆ ಬೈಯುತ್ತ ಮರಳಬೇಡಿ, ಪಕ್ಕದ ಕಟ್ಟೆಯ ಮೇಲೆ ಕೂತವರನ್ನು ಕೇಳಿ. ಕೀಲಿಯ ಜೊತೆ ಒಂದು ಕಥೆಯೂ ಬರುತ್ತದೆ, ಚಹಾ ಕುಡಿದು ಹೋಗಿ ಎಂಬ ಒತ್ತಾಯವೂ ಬರುತ್ತದೆ. ಅವಸರ ಇದ್ದವರು ಬರಲೇಬೇಡಿ. ಎರಡು ದಿನದಲ್ಲಿ ಹತ್ತು ಜಾಗ ‘ಮುಗಿಸುವ’ ಹವ್ಯಾಸ ನಮ್ಮದು. ಒಸಾಕಾದವರು ನಾರಾದಲ್ಲಿ ಅರ್ಧ ದಿನ ಒಂದೇ ದೇವಾಲಯದ ಅಂಗಳದಲ್ಲಿ ಕಳೆದರಂತೆ. ಸೂಡಿಗೂ ಅಷ್ಟು ಹೊತ್ತು ಕೊಡಿ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ನಾವು ಹೋದ ಕಡೆ ಕಲ್ಲುಗಳಿಗೆ ಕೊರತೆ ಇರಲಿಲ್ಲ, ಹೇಳುವ ಅಕ್ಷರಕ್ಕೆ ಕೊರತೆ ಇತ್ತು. ಯಾರು ಕಟ್ಟಿಸಿದರು, ಯಾವಾಗ, ಯಾಕೆ ಎಂಬುದನ್ನು ಹತ್ತು ವರ್ಷದ ಮಗು ನಿಂತು ಓದುವಂತೆ ಕನ್ನಡದಲ್ಲಿ ಬರೆದ ಫಲಕ ನನಗೆ ತೃಪ್ತಿಯಾಗುವಂತೆ ಎಲ್ಲೂ ಕಾಣಲಿಲ್ಲ. ಅಜ್ಜಿಯಾದ ನಾನು ಜೊತೆಗಿದ್ದೆ ಸರಿ, ಇಲ್ಲದವರ ಗತಿ ಏನು? ಸೂಡಿಯ ಜೋಡು ಕಳಸದ ಗುಡಿಯ ಮುಂದೆ ಅಕ್ಕಾದೇವಿಯ ಹೆಸರು, ನರೇಗಲ್ಲಿನಲ್ಲಿ ಪದ್ಮಬ್ಬರಸಿಯ ಹೆಸರು, ಗಜೇಂದ್ರಗಡದ ಕೋಟೆಯ ಬುಡದಲ್ಲಿ 1787ರ ಒಪ್ಪಂದದ ನಾಲ್ಕು ಸಾಲು, ನರಗುಂದ ಗುಡ್ಡದ ದಾರಿಯಲ್ಲಿ ಆ ನಾಲ್ಕು ಇಸವಿಗಳು. ಇಷ್ಟೇ ಕೇಳುತ್ತಿರುವುದು. ಊರಲ್ಲಿ ಕೂತ ನಿವೃತ್ತ ಅಕ್ಕೋರೊಬ್ಬರ ಅರ್ಜಿ ಕಡತದ ಕೆಳಗೆ ಸೇರಿಬಿಡುತ್ತದೆ. ಹೊರಗಿದ್ದವರು ನೂರಾರು ಮಂದಿ ಸಹಿ ಮಾಡಿದ ಅರ್ಜಿಯಾದರೆ ಯಾರಾದರೂ ತೆರೆದು ಓದುತ್ತಾರೆ. ಒಕ್ಕಣೆ ನಾನೇ ಬರೆದಿಡುತ್ತೇನೆ. ಈ ದೀಪಾವಳಿಗೆ ಬಂದಾಗ ಬಾದಾಮಿಗೆ ಹೊರಡುವ ಮುನ್ನ ನಮ್ಮ ಮನೆಗೆ ಬಂದು ಸಹಿ ಹಾಕಿ ಹೋಗಿ.

ಇಂತಿ ನಿಮ್ಮ,
ರೋಣದ ನಿವೃತ್ತ ಶಾಲಾ ಶಿಕ್ಷಕಿ